ಚೌಕಟ್ಟಿನಾಚೆ ನೋಡುತ್ತಿರುವ ಅಮ್ಮ

ಹಳೆಯ ಆಲ್ಬಮ್ಮಿನಿಂದ ಅಂಟು ಬಿಟ್ಟು ಜಾರಿಬಿದ್ದ ಒಂದು ಕಪ್ಪು-ಬಿಳುಪು ಭಾವಚಿತ್ರ ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. ಅಂಗೈಯಗಲದ ಆ ಕಾಗದದಲ್ಲಿ ನನ್ನ ಅಮ್ಮ ಕುರ್ಚಿಯ ಬೆನ್ನಿನ ಮೇಲೆ ಕೈಯಿರಿಸಿ ನಿಂತಿದ್ದಾಳೆ. ಆಗ ಅವಳಿಗೆ 19 ವರ್ಷ. ಇಂದಿನ ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು. ದಿನವೂ ಕೈಗೆತ್ತಿಕೊಂಡು ಅದರಲ್ಲಿ ನನಗೆ ಗೊತ್ತಿರುವ ಅಮ್ಮನನ್ನು ಹುಡುಕುತ್ತೇನೆ, ಆದರೆ ಸಿಗುವುದು ನನ್ನ ಹೆಸರನ್ನೂ ಕೇಳಿರದ ಒಬ್ಬ ಹುಡುಗಿ.

ಇಂಥ ಚಿತ್ರದ ಕಪ್ಪೆಲ್ಲ ಬೆಳ್ಳಿಯದು. ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿಯ ಕಣಗಳೇ ಕೂದಲಾಗಿ, ನೆರಳಾಗಿ, ಕಣ್ಣಿನ ಪಾಪೆಯಾಗಿ ಕಾಣುತ್ತವೆ. ವರ್ಷಗಳು ಉರುಳಿದಂತೆ ಗಾಳಿಯ ತೇವಕ್ಕೂ ಮಾಲಿನ್ಯಕ್ಕೂ ಸಿಕ್ಕ ಆ ಬೆಳ್ಳಿ ನಿಧಾನವಾಗಿ ಮೇಲಕ್ಕೆ ಬರುವುದರಿಂದ, ಚಿತ್ರವನ್ನು ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಭಾಗಗಳು ಕನ್ನಡಿಯಂತೆ ನೀಲಿಛಾಯೆಯಲ್ಲಿ ಹೊಳೆಯುತ್ತವೆ. ಬಿಳಿಯ ಭಾಗಗಳು ಹಳದಿಗೆ ತಿರುಗಿವೆ. ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೊ ದ್ರಾವಣ ಪೂರ್ತಿ ತೊಳೆದುಹೋಗದ ಪ್ರತಿಗಳಲ್ಲಿ ಹೀಗಾಗುತ್ತದೆ. ನೆಗೆಟಿವ್ ಎಂದೋ ಕಳೆದುಹೋಗಿರುವುದರಿಂದ ನಮಗುಳಿದಿರುವುದು ಇದೊಂದೇ ಪ್ರತಿ.

ನನ್ನನ್ನು ಹೆಚ್ಚು ಕಾಡಿದ್ದು ಅವಳ ಹುಬ್ಬು. ಅಮ್ಮನ ಎಡಹುಬ್ಬಿನ ಮೇಲೆ ಒಂದು ಗಾಯದ ಕಲೆಯಿದೆ. ಮಗುವಾಗಿದ್ದಾಗ ನಾನು ಬೆರಳಿಟ್ಟು ಸವರುತ್ತಿದ್ದ ಕಲೆ ಅದು. ಚಿತ್ರದಲ್ಲಿ ಅದಿಲ್ಲ. ಮದುವೆಯ ನಂತರ ಆದ ಗಾಯವಿರಬೇಕೆಂದು ಭಾವಿಸಿದ್ದೆ. ಕೇಳಿದಾಗ ಅಮ್ಮ, "ಅದು ಏಳನೇ ವಯಸ್ಸಿನಲ್ಲಿ ಆದದ್ದು, ಫೋಟೊದವರು ಅಳಿಸಿಬಿಟ್ಟಿದ್ದರು" ಎಂದಳು. ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದರೆ ಆ ಜಾಗದಲ್ಲಿ ಒತ್ತೊತ್ತಾದ ಸೂಕ್ಷ್ಮ ಗೆರೆಗಳು ಕಂಡವು. ಚಿತ್ರದಲ್ಲಿ ಕಪ್ಪಾಗಿ ಬೀಳುವ ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಚೂಪಾದ ಪೆನ್ಸಿಲ್ಲಿನಿಂದ ಗೀಚಿ ತುಂಬಿದರೆ ಪ್ರತಿಯಲ್ಲಿ ಚರ್ಮ ನುಣುಪಾಗಿ ಮೂಡುತ್ತದೆ. ಎಷ್ಟು ತಾಳ್ಮೆಯ ಕೈಯದು! ಆ ಕೆಲಸವನ್ನು ನಾನು ಮೆಚ್ಚುತ್ತೇನೆ, ಆದರೂ ಆ ಕಲೆ ಉಳಿದಿರಬೇಕಿತ್ತು ಎಂದು ಮನಸ್ಸು ಹಂಬಲಿಸುತ್ತದೆ.

ಮಗಳು ಮೊಬೈಲಿನಲ್ಲಿ ಚಿತ್ರಕ್ಕೆ ಬಣ್ಣ ತುಂಬಿಸಿ ತೋರಿಸಿದಳು. ಬಟ್ಟೆ ತಿಳಿನೀಲಿಯಾಗಿತ್ತು. "ನೀಲಿ ಎಲ್ಲಿಂದ ಬಂತೇ? ಅದು ಗಿಳಿಹಸಿರು" ಎಂದು ಅಮ್ಮ ಒಂದು ಕ್ಷಣವೂ ಯೋಚಿಸದೆ ಹೇಳಿದಳು. ಕಪ್ಪು-ಬಿಳುಪು ಫಿಲ್ಮಿನಲ್ಲಿ ನೀಲಿಯೂ ಹಸಿರೂ ಒಂದೇ ಬೂದುಬಣ್ಣವಾಗಿ ಇಳಿಯಬಹುದು, ಯಂತ್ರ ಊಹಿಸಬಹುದಷ್ಟೆ. ಆ ಹಸಿರು ಈಗ ಅವಳ ನೆನಪಿನಲ್ಲಿ ಮಾತ್ರ ಇದೆ.

ಅವಳ ನೋಟವನ್ನು ಗಮನಿಸಿದ್ದು ಕೊನೆಗೆ. ಮುಖ ಕ್ಯಾಮೆರಾದ ಕಡೆಗಿದ್ದರೂ ಕಣ್ಣು ಲೆನ್ಸಿನ ಮೇಲಿಲ್ಲ, ತುಸು ಬಲಕ್ಕೆ ಹೊರಳಿದೆ. ತುಟಿಯ ಒಂದು ಕೊನೆಯಲ್ಲಿ ತಡೆಹಿಡಿದ ನಗು. ಯಾರನ್ನು ನೋಡುತ್ತಿದ್ದೆ ಎಂದು ಕೇಳಿದೆ. ಅಮ್ಮ ಕನ್ನಡಕ ಸರಿಪಡಿಸಿಕೊಂಡು, ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದು, ನಾನು ಈ ಮೊದಲು ಕೇಳಿಯೇ ಇರದ ಒಂದು ಹೆಸರು ಹೇಳಿದಳು. ಜೊತೆಗೆ ಬಂದಿದ್ದ ಗೆಳತಿಯಂತೆ. ನಗಿಸುವುದಕ್ಕೆಂದೇ ಫೋಟೊದವರ ಹಿಂದೆ ನಿಂತು ಮುಖ ಸೊಟ್ಟ ಮಾಡುತ್ತಿದ್ದಳಂತೆ. ಇಬ್ಬರೂ ಮುಂದೆ ಓದಬೇಕೆಂದುಕೊಂಡಿದ್ದು, ಬರೆದ ಕಾಗದಗಳು, ಅವು ನಿಂತುಹೋದದ್ದು, ಎಲ್ಲವನ್ನೂ ಅಮ್ಮ ಕತ್ತಲಾಗುವವರೆಗೆ ಹೇಳುತ್ತಾ ಕುಳಿತಳು. ಅವಳ ದನಿ ಅಷ್ಟು ಹಗುರಾಗಿದ್ದುದನ್ನು ನಾನು ಕೇಳಿದ ನೆನಪಿಲ್ಲ.

ಪೆನ್ನಿನ ಶಾಯಿ ಕ್ರಮೇಣ ಮುಂಬದಿಗೂ ಇಳಿಯಬಹುದು. ಹಾಗಾಗಿ ಅಂದು ರಾತ್ರಿ ಚಿತ್ರವನ್ನು ಬೋರಲು ಹಾಕಿ, ಮೆದು ಪೆನ್ಸಿಲ್ ಹಿಡಿದು, ಒತ್ತದೆ ಅಮ್ಮನ ಹೆಸರನ್ನೂ 19 ವರ್ಷ, ಗಿಳಿಹಸಿರು ಎಂದೂ ಬರೆದೆ. ಅದರ ಕೆಳಗೆ ಆ ಗೆಳತಿಯ ಹೆಸರನ್ನೂ ಬರೆದೆ.