ಟಾಕ್‌ಬಾಕ್ಸ್, ಮೈಕ್ ಮತ್ತು ಕವರ್ ಬ್ಯಾಂಡಿನ ವೇದಿಕೆ

ಬೇರೆಯವರ ಪ್ರಸಿದ್ಧ ಹಾಡುಗಳನ್ನು ನುಡಿಸುವ ಕವರ್ ಬ್ಯಾಂಡಿನ ಮುಂದೆ ಕೂತಿರುವ ಕೇಳುಗರು ಹಾಡನ್ನು ಮೊದಲೇ ಕಿವಿಯಲ್ಲಿ ತುಂಬಿಕೊಂಡು ಬಂದಿರುತ್ತಾರೆ. ಬಾನ್ ಜೋವಿ ತಂಡದ ‘ಲಿವಿನ್ ಆನ್ ಎ ಪ್ರೇಯರ್’ ಹೊರಬಂದದ್ದು 1986ರಲ್ಲಿ. ಬೆಂಗಳೂರಿನ ಪಬ್ಬುಗಳಲ್ಲಿ ನಾವು ನುಡಿಸುವಾಗ ಇಂದಿಗೂ ಆ ಹಾಡು ಬೇಕೆಂದು ಚೀಟಿ ಬರುತ್ತದೆ, ಮತ್ತು ಚೀಟಿ ಕಳಿಸಿದವರು ಮೊದಲು ಕಾಯುವುದು ಗಾಯಕನ ದನಿಗಲ್ಲ, ಬಾಸ್ ಗಿಟಾರಿನ ಜೊತೆಜೊತೆಗೆ ‘ಓವಾ ಓವಾ’ ಎಂದು ಬಾಯಿಬಿಡುವ ರಿಚಿ ಸಂಬೋರಾ ಅವರ ಗಿಟಾರಿಗೆ. ಆ ಸದ್ದನ್ನು ಸಾಧಾರಣ ಗಿಟಾರಿನಲ್ಲೋ, ಕಾಲಿನಿಂದ ಒತ್ತಿ ಸದ್ದಿನ ಬಣ್ಣ ಬದಲಿಸುವ ವಾ-ಪೆಡಲಿನಲ್ಲೋ ನುಡಿಸಿದರೆ ಸ್ವರಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದರೆ ಕೇಳುಗರ ಮುಖ ಅರಳುವುದಿಲ್ಲ. ಹೀಗಾಗಿ ನಮ್ಮ ತಂಡದಲ್ಲಿ ಟಾಕ್‌ಬಾಕ್ಸ್ (ಗಿಟಾರಿನ ಸದ್ದನ್ನು ಬಾಯಿಯ ಮೂಲಕ ಹಾಯಿಸಿ ಮಾತಾಡಿಸುವ ಸಾಧನ) ನುಡಿಸುವ ಜವಾಬ್ದಾರಿ ಗಿಟಾರ್ ಹಿಡಿದ ನನ್ನ ಪಾಲಿಗೆ ಬಂತು. ಅದನ್ನು ಬಳಸುತ್ತ ಬಂದಂತೆ ನನಗೆ ಖಚಿತವಾದದ್ದು ಇಷ್ಟು: ಅಂಗಡಿಯಲ್ಲಿ ಅದನ್ನು ಗಿಟಾರ್ ಪೆಡಲುಗಳ ಸಾಲಿನಲ್ಲಿಟ್ಟು ಮಾರಿದರೂ ವೇದಿಕೆಯ ಮೇಲೆ ಅದನ್ನು ಗಾಯನವೆಂದೇ ಭಾವಿಸಿ ಸಿದ್ಧತೆ ಮಾಡಿಕೊಳ್ಳಬೇಕು.

ಇದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ಉಳಿದ ಪೆಡಲುಗಳು ಗಿಟಾರಿನ ವಿದ್ಯುತ್ ಸಂಕೇತವನ್ನು ತಂತಿಯೊಳಗೇ ಬದಲಾಯಿಸುತ್ತವೆ. ಟಾಕ್‌ಬಾಕ್ಸಿನ ಪೆಟ್ಟಿಗೆಯೊಳಗಾದರೋ ಒಂದು ಕಂಪ್ರೆಷನ್ ಡ್ರೈವರ್, ಅಂದರೆ ಸಭೆ ಸಮಾರಂಭಗಳ ಹಾರ್ನ್ ಸ್ಪೀಕರುಗಳಲ್ಲಿ ಇರುವಂಥದೇ ಒಂದು ಪುಟ್ಟ ಸ್ಪೀಕರ್ ಇರುತ್ತದೆ. ಆ್ಯಂಪ್ಲಿಫಯರಿನಿಂದ ಬಂದ ಶಕ್ತಿ ಅದನ್ನು ನಡುಗಿಸುತ್ತದೆ, ಸದ್ದು ಒಂದು ಪ್ಲಾಸ್ಟಿಕ್ ಟ್ಯೂಬಿನ ಮೂಲಕ ವಾದಕನ ಬಾಯೊಳಗೆ ಬಂದು ಬೀಳುತ್ತದೆ. ಅಲ್ಲಿಂದ ಮುಂದೆ ಗಂಟಲಿನ ದನಿಗೆ ಕೆಲಸವಿಲ್ಲ. ಮಾತಾಡುವಾಗ ಧ್ವನಿತಂತುಗಳು ಮಾಡುವ ಕೆಲಸವನ್ನು ಗಿಟಾರ್ ವಹಿಸಿಕೊಳ್ಳುತ್ತದೆ, ನಾಲಿಗೆ, ತುಟಿ ಮತ್ತು ದವಡೆಗಳು ಆ ಸದ್ದನ್ನು ಅಕ್ಷರದ ಆಕಾರಕ್ಕೆ ತಿದ್ದುತ್ತವೆ. ಹೀಗೆ ತಿದ್ದಿದ ಸದ್ದು ಬಾಯಿಂದ ಹೊರಟು ಗಾಯನದ ಮೈಕಿಗೆ ಸೇರಿ, ಮಿಕ್ಸರಿನ ಮೂಲಕ ಸಭಾಂಗಣದ ಸ್ಪೀಕರುಗಳನ್ನು ತಲುಪುತ್ತದೆ. ವಾ-ಪೆಡಲ್ ಒಂದೇ ಒಂದು ಕಂಪನಾಂಕದ ಪಟ್ಟಿಯನ್ನು ಎತ್ತಿ ಹಿಂದೆ ಮುಂದೆ ಸರಿಸುತ್ತದೆ. ಬಾಯಿಯ ಪೊಟರೆ ಏಕಕಾಲಕ್ಕೆ ಹಲವು ಪಟ್ಟಿಗಳನ್ನು ಎತ್ತಬಲ್ಲದು, ಅದಕ್ಕೇ ಬಾಯಿಗೆ ಸಾಧ್ಯವಾಗುವ ಮಾತು ಪೆಡಲಿಗೆ ಸಾಧ್ಯವಾಗುವುದಿಲ್ಲ.

ಈ ಸಾಧನದ ಇತಿಹಾಸ ಅಮೆರಿಕದ ಸ್ಟೀಲ್ ಗಿಟಾರ್ ವಾದಕರಿಂದ ಶುರುವಾಗುತ್ತದೆ. 1939ರಲ್ಲಿ ಆಲ್ವಿನೊ ರೇ ಅವರು ತಮ್ಮ ಪತ್ನಿ ಲೂಯಿಸ್ ಕಿಂಗ್ ಅವರನ್ನು ತೆರೆಯ ಹಿಂದೆ ನಿಲ್ಲಿಸಿ, ಅವರ ಗಂಟಲಿಗೆ ಒತ್ತಿದ ಸಾಧನಕ್ಕೆ ಗಿಟಾರಿನ ಸದ್ದನ್ನು ಹಾಯಿಸಿ ಗಿಟಾರನ್ನು ‘ಮಾತಾಡಿಸಿದ್ದರು’. ಟ್ಯೂಬನ್ನು ಬಾಯಿಗಿಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ನ್ಯಾಶ್‌ವಿಲ್ಲಿನ ಪೀಟ್ ಡ್ರೇಕ್, 1964ರ ‘ಫಾರೆವರ್’ ಹಾಡಿನ ಮೂಲಕ. 1970ರಲ್ಲಿ ಜಾರ್ಜ್ ಹ್ಯಾರಿಸನ್ ಅವರ ಆಲ್ಬಮ್ಮಿನ ಧ್ವನಿಮುದ್ರಣಕ್ಕೆಂದು ಡ್ರೇಕ್ ಲಂಡನ್ನಿಗೆ ಬಂದಾಗ ಅವರ ವಾದನವನ್ನು ಹತ್ತಿರದಿಂದ ಕೇಳಿದ ಯುವಕ ಪೀಟರ್ ಫ್ರಾಂಪ್ಟನ್, ಮುಂದೆ ಈ ಸದ್ದಿಗೆ ತಮ್ಮ ಹೆಸರೇ ಅಂಟಿಕೊಳ್ಳುವಷ್ಟು ಅದನ್ನು ತಮ್ಮದಾಗಿಸಿಕೊಂಡರು. ನಮ್ಮಂಥ ವೇದಿಕೆಯ ವಾದಕರು ಹೆಚ್ಚು ಋಣಿಯಾಗಿರಬೇಕಾದದ್ದು ಇಲಿನಾಯ್ ರಾಜ್ಯದ ಧ್ವನಿ ತಂತ್ರಜ್ಞ ಬಾಬ್ ಹೀಲ್ ಅವರಿಗೆ ಎಂಬುದು ನನ್ನ ಅಭಿಪ್ರಾಯ. ಜೋ ವಾಲ್ಶ್ ‘ರಾಕಿ ಮೌಂಟನ್ ವೇ’ ಹಾಡನ್ನು ಊರೂರಿಗೆ ಒಯ್ಯಬೇಕಾಗಿ ಬಂದಾಗ, ದೊಡ್ಡ ವೇದಿಕೆಯ ಅಬ್ಬರದಲ್ಲೂ ಕೇಳಿಸುವಷ್ಟು ಬಲವಾದ ಟಾಕ್‌ಬಾಕ್ಸನ್ನು ಹೀಲ್ 1973ರಲ್ಲಿ ಕಟ್ಟಿಕೊಟ್ಟರು. 1974ರ ಕ್ರಿಸ್‌ಮಸ್ಸಿಗೆ ಫ್ರಾಂಪ್ಟನ್ ಅವರಿಗೆ ಉಡುಗೊರೆಯಾಗಿ ಹೋದದ್ದೂ ಅದೇ ಪೆಟ್ಟಿಗೆ, ಮತ್ತು 1976ರ ‘ಫ್ರಾಂಪ್ಟನ್ ಕಮ್ಸ್ ಅಲೈವ್!’ ಆಲ್ಬಮ್ಮಿನಲ್ಲಿ ಸಾವಿರಾರು ಜನರ ಎದುರು ಗಿಟಾರ್ ಪ್ರಶ್ನೆ ಕೇಳಿ ಜನ ಕೂಗಿ ಉತ್ತರಿಸುವುದನ್ನು ಇಂದಿಗೂ ಕೇಳಬಹುದು. ಹೀಲ್ ಟಾಕ್‌ಬಾಕ್ಸಿನ ತಯಾರಿಕೆಯ ಹಕ್ಕು 1988ರಲ್ಲಿ ಡನ್‌ಲಪ್ ಕಂಪನಿಗೆ ಹೋಯಿತು.

ಜೋಡಣೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹೀಲ್ ಮಾದರಿಯ ಪೆಟ್ಟಿಗೆಗೆ ಸ್ವಂತ ಆ್ಯಂಪ್ ಇರುವುದಿಲ್ಲ. ಆ್ಯಂಪಿನ ಸ್ಪೀಕರ್ ಔಟ್‌ಪುಟ್ಟನ್ನೇ ಅದಕ್ಕೆ ಕೊಡಬೇಕು, ಕಾಲಿನ ಸ್ವಿಚ್ಚನ್ನು ಒತ್ತಿದಾಗ ಸದ್ದು ಸ್ಪೀಕರ್ ಕ್ಯಾಬಿನೆಟ್ಟನ್ನು ಬಿಟ್ಟು ಟ್ಯೂಬಿನತ್ತ ತಿರುಗುತ್ತದೆ. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಬಾಡಿಗೆ ಆ್ಯಂಪುಗಳನ್ನು ಎದುರಿಸುವ ಕವರ್ ಬ್ಯಾಂಡಿಗೆ ಇದು ತೊಡಕಿನ ವ್ಯವಸ್ಥೆ. ಸ್ಪೀಕರ್ ಒಳಗೇ ಇರುವ ಕಾಂಬೊ ಆ್ಯಂಪು ಸಿಕ್ಕರೆ ಅದರ ತಂತಿಗಳನ್ನು ಬಿಚ್ಚಿ ಜೋಡಿಸಲು ಮಾಲೀಕರು ಒಪ್ಪುವುದಿಲ್ಲ, ಒಪ್ಪಿದರೂ ಆ್ಯಂಪಿನ ವಾಟ್ ಡ್ರೈವರಿನ ಮಿತಿಯನ್ನು ಮೀರಿದರೆ ಅದರ ತೆಳುವಾದ ಪೊರೆ ಹರಿದುಹೋಗುತ್ತದೆ. ಎಂಎಕ್ಸ್‌ಆರ್ ಕಂಪನಿಯ ಟಾಕ್‌ಬಾಕ್ಸಿನಂತೆ ಆ್ಯಂಪ್ ಒಳಗೇ ಅಡಗಿರುವ ಪೆಟ್ಟಿಗೆಗಳನ್ನು ಉಳಿದ ಪೆಡಲುಗಳಂತೆಯೇ ನೇರವಾಗಿ ಜೋಡಿಸಬಹುದು. ಊರೂರು ಅಲೆಯುವ ತಂಡಕ್ಕೆ ನಾನು ಅಂಥದನ್ನೇ ಹೇಳುತ್ತೇನೆ.

ನಿಜವಾದ ಕೆಲಸ ಶುರುವಾಗುವುದು ಮೈಕಿನ ಮುಂದೆ. ಗಂಟಲು ತೆರೆದು ಹಾಡುವ ದನಿಗೆ ಹೋಲಿಸಿದರೆ ಬಾಯಿಂದ ಹೊರಬರುವ ಟಾಕ್‌ಬಾಕ್ಸಿನ ಸದ್ದು ತೀರಾ ಸಣ್ಣದು. ಅದು ಕೇಳಿಸಬೇಕೆಂದು ಸೌಂಡ್ ಎಂಜಿನಿಯರ್ ಮೈಕಿನ ಗೇನ್, ಅಂದರೆ ಅದರ ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು ಏರಿಸಿದರೆ ಹಿಂದಿನ ಡ್ರಮ್ಮಿನ ಸಿಂಬಲ್ಲುಗಳು ಅದರೊಳಕ್ಕೆ ನುಗ್ಗುತ್ತವೆ, ಇನ್ನೂ ಏರಿಸಿದರೆ ಮಾನಿಟರಿನಿಂದ (ವಾದಕರಿಗೇ ಕೇಳಿಸಲೆಂದು ವೇದಿಕೆಯ ಮೇಲಿಡುವ ಸ್ಪೀಕರ್) ಫೀಡ್‌ಬ್ಯಾಕ್ ಕೂಗು ಏಳುತ್ತದೆ. ಅದೇ ಮೈಕಿನಲ್ಲಿ ನಾನು ಪಲ್ಲವಿಗೆ ಜೊತೆದನಿಯನ್ನೂ ಹಾಡಬೇಕಾದ್ದರಿಂದ, ಟ್ಯೂಬಿಗೆ ಹೊಂದಿಸಿದ ಮಟ್ಟದಲ್ಲಿ ನನ್ನ ದನಿ ಮುಖ್ಯ ಗಾಯಕನನ್ನೇ ಮುಳುಗಿಸಿಬಿಡಬಹುದು. ಇದಕ್ಕೆ ನಾವು ಕಂಡುಕೊಂಡ ದಾರಿಯೆಂದರೆ, ಡಿಜಿಟಲ್ ಮಿಕ್ಸರ್ ಇರುವ ಕಡೆ ಒಂದೇ ಮೈಕಿನ ಸಂಕೇತವನ್ನು ಎರಡು ಚಾನೆಲ್‌ಗಳಿಗೆ ಹರಿಸಿ, ಒಂದನ್ನು ಹಾಡಿಗೂ ಇನ್ನೊಂದನ್ನು ಟಾಕ್‌ಬಾಕ್ಸಿಗೂ ಮೀಸಲಿಟ್ಟು, ಟಾಕ್‌ಬಾಕ್ಸಿನ ಚಾನೆಲ್ಲನ್ನು ಬೇಕಾದ ಭಾಗದಲ್ಲಿ ಮಾತ್ರ ತೆರೆಯುವಂತೆ ಎಂಜಿನಿಯರಿಗೆ ಮೊದಲೇ ತಿಳಿಸುವುದು. ಆ ಚಾನೆಲ್ಲಿನಲ್ಲಿ ಕೆಳಗಿನ ಗುಂಯ್‌ಗುಡುವ ಕಂಪನಾಂಕಗಳನ್ನು ಕತ್ತರಿಸಿ, ಮಾತಿನ ಸ್ಪಷ್ಟತೆ ನೆಲೆಸಿರುವ 2000ದಿಂದ 3000 ಹರ್ಟ್ಸಿನ ಭಾಗವನ್ನು ಸ್ವಲ್ಪ ಎತ್ತುತ್ತೇವೆ. ಫೀಡ್‌ಬ್ಯಾಕ್ ಹುಟ್ಟಿಕೊಳ್ಳುವುದೂ ಬಹುಮಟ್ಟಿಗೆ ಅದೇ ಭಾಗದಲ್ಲಿ, ಆದ್ದರಿಂದ ಆ ‘ಸ್ವಲ್ಪ’ ಎಷ್ಟು ಎಂಬುದನ್ನು ಪ್ರತಿ ಸಭಾಂಗಣದಲ್ಲೂ ಸೌಂಡ್ ಚೆಕ್ಕಿನಲ್ಲಿ ಕಿವಿಯಿಂದಲೇ ತೀರ್ಮಾನಿಸಬೇಕಾಗುತ್ತದೆ. ಶೂರ್ ಎಸ್‌ಎಂ58ರಂಥ ಮೈಕಿಗೆ ನೇರ ಹಿಂಬದಿಯ ಸದ್ದು ಅತಿ ಕಡಿಮೆ ಕೇಳಿಸುತ್ತದೆ. ಮಾನಿಟರನ್ನು ಸರಿಯಾಗಿ ಆ ಹಿಂಬದಿಗೆ ಇಡಿಸಿ, ನಾನು ಡ್ರಮ್ಮಿನ ಮುಂದಿನಿಂದ ವೇದಿಕೆಯ ಅಂಚಿಗೆ ಸರಿದು ನಿಂತರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಟ್ಯೂಬನ್ನು ಮೈಕ್ ಸ್ಟ್ಯಾಂಡಿಗೆ ಟೇಪಿನಿಂದ ಸುತ್ತಿ, ಅದರ ತುದಿ ಮೈಕಿನ ತಲೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ ಚಾಚಿ ನಿಲ್ಲುವಂತೆ ಮಾಡುತ್ತೇನೆ. ತುದಿಯನ್ನು ಬಾಯಿಯ ನಡುವಿಗೆ ಇಟ್ಟುಕೊಂಡರೆ ನಾಲಿಗೆಗೆ ಜಾಗವಿರುವುದಿಲ್ಲ, ಬಾಯಿಯ ಮೂಲೆಯಲ್ಲಿ ದವಡೆ ಹಲ್ಲಿನ ಪಕ್ಕಕ್ಕೆ ಒತ್ತಿಕೊಂಡರೆ ನಾಲಿಗೆ ಸ್ವತಂತ್ರವಾಗಿ ಆಡುತ್ತದೆ. ಟ್ಯೂಬ್ ಉದ್ದವಾದಷ್ಟೂ ಮೇಲಿನ ಕಂಪನಾಂಕಗಳು ಸೋರಿಹೋಗಿ ಸದ್ದು ಮಂಕಾಗುತ್ತದೆ, ಆದ್ದರಿಂದ ನಿಂತ ಎತ್ತರಕ್ಕೆ ಎಷ್ಟು ಬೇಕೋ ಅಷ್ಟನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದ್ದೇನೆ. ಪೆಟ್ಟಿಗೆಯಿಂದಲೂ ಗಿಟಾರಿನ ಸದ್ದು ಅಷ್ಟಿಷ್ಟು ಹೊರಗೆ ಸೋರುತ್ತದೆ, ಅದು ಮೈಕಿಗೆ ಸಿಕ್ಕರೆ ಅಕ್ಷರಗಳ ಅಂಚು ಮಸುಕಾಗುತ್ತದೆ. ಗಿಟಾರಿನ ಕಡೆಯಿಂದ ಬೇಕಾದದ್ದು ಮೇಲುಸ್ವರಗಳು ತುಂಬಿದ, ಬಹಳ ಹೊತ್ತು ನಿಲ್ಲುವ ಸದ್ದು: ಬ್ರಿಡ್ಜ್ ಪಿಕಪ್ (ತಂತಿಗಳು ಕೊನೆಯಾಗುವ ಸೇತುವೆಯ ಪಕ್ಕದ ಪಿಕಪ್), ಹದವಾದ ಡಿಸ್ಟಾರ್ಷನ್ (ಸದ್ದನ್ನು ಒರಟುಗೊಳಿಸುವ ಪರಿಣಾಮ), ಒಂದು ಸಲಕ್ಕೆ ಒಂದೇ ತಂತಿ. ಬಾಯಿ ಇರುವುದನ್ನು ಶೋಧಿಸಿ ಕೊಡಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು. ಡಿಸ್ಟಾರ್ಷನ್ ಇಲ್ಲದ ತೆಳು ಸದ್ದಿನಲ್ಲಿ ‘ಈ’ ಮತ್ತು ‘ಊ’ ಒಂದೇ ಥರ ಕೇಳಿಸುವುದು ಇದರಿಂದಲೇ.

ಅಕ್ಷರಗಳ ವಿಷಯಕ್ಕೆ ಬಂದರೆ, ಕನ್ನಡ ಶಾಲೆಯಲ್ಲಿ ವರ್ಣಮಾಲೆ ಕಲಿತವರಿಗೆ ಟಾಕ್‌ಬಾಕ್ಸ್ ಅಭ್ಯಾಸಕ್ಕೆ ಸಿದ್ಧ ನಕ್ಷೆಯೇ ಕೈಯಲ್ಲಿದೆ ಎಂದು ನಾನು ಸಂತೋಷದಿಂದ ಹೇಳುತ್ತೇನೆ. ನಮ್ಮ ವರ್ಗೀಯ ವ್ಯಂಜನಗಳು ಬಾಯಿಯಲ್ಲಿ ಹುಟ್ಟುವ ಸ್ಥಾನದ ಪ್ರಕಾರವೇ ಕಂಠದಿಂದ ತುಟಿಯವರೆಗೆ ಸಾಲಾಗಿ ನಿಂತಿವೆ. ಟ್ಯೂಬಿನ ತುದಿ ಬಾಯಿಯ ಮುಂಭಾಗದಲ್ಲಿರುವುದರಿಂದ ಅದರ ಹಿಂದೆ ನಡೆಯುವ ತಡೆಗೆ ಪ್ರಭಾವ ಕಡಿಮೆ, ಹಾಗಾಗಿ ಕವರ್ಗ ಸೊರಗುತ್ತದೆ. ಟವರ್ಗ, ತವರ್ಗಗಳನ್ನು ನಾಲಿಗೆಯ ತುದಿ ಚೆನ್ನಾಗಿ ಮೂಡಿಸುತ್ತದೆ. ಪವರ್ಗಕ್ಕೆ ತುಟಿಗಳು ಟ್ಯೂಬನ್ನು ಅಪ್ಪಿಕೊಂಡೇ ಮುಚ್ಚಬೇಕು, ಅಭ್ಯಾಸದಿಂದ ಅದು ಬರುತ್ತದೆ. ಆದರೆ ‘ಪ’ ಮತ್ತು ‘ಬ’ಗಳ ನಡುವಿನ ಅಂತರ ಬಹುಪಾಲು ಅಳಿಸಿಹೋಗುತ್ತದೆ, ಏಕೆಂದರೆ ಕಂಠದ ನಾದವನ್ನು ನಿಲ್ಲಿಸಿದಂತೆ ಗಿಟಾರಿನ ನಾದವನ್ನು ಅಷ್ಟು ಚುರುಕಾಗಿ ನಿಲ್ಲಿಸಲು ಆಗುವುದಿಲ್ಲ. ಮಹಾಪ್ರಾಣಗಳಿಗೆ ಬೇಕಾದ ಉಸಿರು ಗಿಟಾರಿನಲ್ಲಿ ಇಲ್ಲವೇ ಇಲ್ಲ. ‘ಸ’, ‘ಶ’ಗಳನ್ನು ವಾದಕ ತನ್ನ ಸ್ವಂತ ಉಸಿರಿನಿಂದ ಮೈಕಿಗೆ ಊದಿ ಸೇರಿಸಬೇಕು. ‘ಮ’ಕಾರ ‘ನ’ಕಾರಗಳು ಮೂಗಿನ ದಾರಿ ಹಿಡಿಯುವುದರಿಂದ ಮೈಕಿಗೆ ಕುಂದಿದಂತೆ ಕೇಳಿಸುತ್ತವೆ. ಸ್ವರಗಳೂ ಯ, ರ, ಲ, ವ, ಳಗಳೂ ಮಾತ್ರ ಗಿಟಾರಿನ ನಾದವನ್ನು ಎಲ್ಲೂ ತುಂಡರಿಸದೆ ಹರಿಯಬಿಡುತ್ತವೆ, ಮತ್ತು ಅವೇ ಅತ್ಯಂತ ಸ್ಪಷ್ಟವಾಗಿ ಕೇಳಿಸುವ ಅಕ್ಷರಗಳು.

ಇದನ್ನು ಒರೆಗೆ ಹಚ್ಚಲು ಹಾಡುಗಳ ನಡುವಿನ ವಿರಾಮದಲ್ಲಿ ಗಿಟಾರಿನಿಂದ ಕನ್ನಡ ನುಡಿಸಿ ನೋಡುತ್ತೇನೆ. ‘ನಮಸ್ಕಾರ’ ಎಂದರೆ ಮೊದಲ ಎರಡು ಅಕ್ಷರ ಮೂಗಿನಲ್ಲಿ ಸಿಕ್ಕಿಕೊಂಡು, ‘ಸ್ಕಾ’ ಕಳೆದುಹೋಗಿ, ಕೊನೆಗೆ ‘ಆರ’ ಎಂಬ ತುಣುಕಷ್ಟೇ ಜನರಿಗೆ ದಕ್ಕುತ್ತದೆ. ಅದೇ ಗಿಟಾರ್ ‘ಯಾವೂರು?’ ಎಂದು ಕೇಳಿದರೆ ಮೂರು ಅಕ್ಷರಗಳೂ ಗಾಜಿನಷ್ಟು ತಿಳಿಯಾಗಿ ಹೊರಬರುತ್ತವೆ, ಕೊನೆಯ ತಂತಿಯನ್ನು ಪ್ರಶ್ನೆಯ ಏರುದನಿಗೆ ತಕ್ಕಂತೆ ಎಳೆದು ಏರಿಸಿದರೆ ಹಿಂದಿನ ಮೇಜುಗಳಿಂದ ‘ಮಂಡ್ಯ’, ‘ಹುಬ್ಬಳ್ಳಿ’, ‘ಕುಂದಾಪುರ’ ಎಂಬ ಉತ್ತರಗಳು ಬರುತ್ತವೆ. ‘ಹೇಳಿ’ ಎನ್ನಲು ಹೋದರೆ ಹಕಾರ ಬಿದ್ದುಹೋಗಿ ‘ಏಳಿ’ ಆಗುತ್ತದೆ, ಹಳೆ ಮೈಸೂರು ಸೀಮೆಯ ಆಡುಮಾತಿನಲ್ಲೂ ಹಾಗೆಯೇ ಅನ್ನುವುದರಿಂದ ಯಾರಿಗೂ ಅರ್ಥ ತಪ್ಪುವುದಿಲ್ಲ. ಕನ್ನಡದ ಪದಗಳು ಬಹುತೇಕ ಸ್ವರದಿಂದಲೇ ಮುಗಿಯುತ್ತವೆ, ಸ್ವರಾಂತ್ಯದ ಪದವನ್ನು ತಂತಿಯ ನಾದ ನಿಲ್ಲುವಷ್ಟು ಹೊತ್ತೂ ಎಳೆದು ಹಿಡಿಯಬಹುದು. ನಮ್ಮ ನುಡಿಗೆ ಈ ಸಾಧನ ಇಷ್ಟು ಚೆನ್ನಾಗಿ ಒಗ್ಗುವಾಗ ಕನ್ನಡದ ಬ್ಯಾಂಡುಗಳು ಇದನ್ನು ಇನ್ನಷ್ಟು ಧೈರ್ಯದಿಂದ ಬಳಸಬೇಕೆಂಬುದು ನನ್ನ ಆಸೆ.

ಇಷ್ಟೆಲ್ಲ ಕಷ್ಟವೇಕೆ, ವೊಕೋಡರ್ ಪೆಡಲ್ ಸಾಲದೇ ಎಂದು ಜೊತೆಯ ವಾದಕರು ಕೇಳುವುದುಂಟು. ವೊಕೋಡರಿನಲ್ಲಿ ವಾದಕ ನಿಜವಾಗಿ ಮೈಕಿಗೆ ಮಾತಾಡುತ್ತಾನೆ, ಯಂತ್ರವು ಆ ಮಾತನ್ನು ಪಟ್ಟಿಗಳಾಗಿ ಅಳೆದು ಗಿಟಾರಿನ ಮೇಲೆ ಹೇರುತ್ತದೆ. ಟ್ಯೂಬಿನ ತಾಪತ್ರಯವಿಲ್ಲ ಎಂಬುದು ನಿಜ, ಆದರೆ ಬಾಯಿ ಒಂದು ಆಕಾರದಿಂದ ಇನ್ನೊಂದಕ್ಕೆ ಜಾರುವಾಗಿನ ಹಸಿತನ ಅದರಲ್ಲಿ ನನಗೆ ಕೇಳಿಸುವುದಿಲ್ಲ. ಗಿಟಾರಿಗಿಂತ ಕೀಬೋರ್ಡ್ ವಾದಕರಿಗೆ ಟಾಕ್‌ಬಾಕ್ಸ್ ಕೊಡುವುದು ಹೆಚ್ಚು ಯೋಗ್ಯವಾದ ದಾರಿ. ಜ್ಯಾಪ್ ತಂಡದ ರಾಜರ್ ಟ್ರೌಟ್‌ಮನ್ ಸಿಂಥಸೈಜರಿನ ಜೊತೆ ಟ್ಯೂಬನ್ನು ಬಳಸಿ ಇಡೀ ಹಾಡನ್ನೇ ಸ್ಪಷ್ಟ ಸಾಹಿತ್ಯದೊಂದಿಗೆ ಹಾಡಿ ತೋರಿಸಿದರು. 1995ರ ‘ಕ್ಯಾಲಿಫೋರ್ನಿಯಾ ಲವ್’ ಹಾಡಿನ ಪಲ್ಲವಿಯಲ್ಲಿ ಕೇಳುವುದು ಅವರ ಬಾಯಿಯೇ. ಬ್ರೂನೊ ಮಾರ್ಸ್ ಅವರ 2016ರ ‘24ಕೆ ಮ್ಯಾಜಿಕ್’ ಶುರುವಾಗುವುದೂ ಟಾಕ್‌ಬಾಕ್ಸಿನಿಂದಲೇ. ಮೇಲುಸ್ವರಗಳು ತುಂಬಿದ, ಗರಗಸದ ಹಲ್ಲಿನಾಕಾರದ ಅಲೆಯ ‘ಸಾ-ಟೂತ್’ ನಾದವನ್ನು ಬೇಕಾದಷ್ಟು ಹೊತ್ತು ಹಿಡಿದಿಡುವುದು ಕೀಬೋರ್ಡಿಗೆ ಸುಲಭ. ಈಗ ನಮ್ಮ ಕೀಬೋರ್ಡ್ ವಾದಕಿಯೂ ತಮ್ಮದೇ ಟ್ಯೂಬನ್ನು ತಂದುಕೊಂಡು ಅಭ್ಯಾಸ ನಡೆಸಿದ್ದಾರೆ. ಟ್ಯೂಬನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲೇಬಾರದು, ಪ್ರತಿ ಕಾರ್ಯಕ್ರಮದ ನಂತರ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿಯೇ ಎತ್ತಿಡಬೇಕು.

ಕಾರ್ಯಕ್ರಮದ ಪಟ್ಟಿಯಲ್ಲಿ ಟಾಕ್‌ಬಾಕ್ಸಿನ ಹಾಡುಗಳನ್ನು ಒಂದರ ಪಕ್ಕ ಒಂದು ಇಡುವುದಿಲ್ಲ. ಬಾಯಿ ಬೇಗ ಸೋಲುತ್ತದೆ, ಜೊಲ್ಲು ತುಂಬುತ್ತದೆ, ಮತ್ತು ಕೇಳುಗರ ಬೆರಗೂ ತೆಳುವಾಗುತ್ತದೆ. ಬಾನ್ ಜೋವಿ ಹಾಡಿನ ಆರಂಭದಲ್ಲಿ ಎರಡನೆಯ ಗಿಟಾರ್ ಸುಮ್ಮನಿರಬೇಕು, ಕೀಬೋರ್ಡ್ ತನ್ನ ಸದ್ದನ್ನು ಇಳಿಸಬೇಕು, ಡ್ರಮ್ಮರ್ ದೊಡ್ಡ ಸಿಂಬಲ್ಲುಗಳಿಂದ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್ಲಾದ ಹೈ-ಹ್ಯಾಟಿಗೆ ಸರಿಯಬೇಕು ಎಂದು ತಂಡದೊಳಗೆ ಒಪ್ಪಂದ ಮಾಡಿಕೊಂಡಿದ್ದೇವೆ. ಗಾಯಕನಿಗೆ ಕೊಡುವ ಜಾಗವನ್ನೇ ಆ ಹೊತ್ತಿನಲ್ಲಿ ಟ್ಯೂಬಿಗೆ ಕೊಡುತ್ತೇವೆ. ಸ್ವಿಚ್ ಒತ್ತಿದ ಮೇಲೆ ನನ್ನ ಹಿಂದಿನ ಕ್ಯಾಬಿನೆಟ್ ಮೌನವಾಗುವುದರಿಂದ, ನಾನು ನುಡಿಸುತ್ತಿರುವುದು ನನಗೆ ಕೇಳಿಸುವುದು ಮಾನಿಟರಿನಿಂದ ಮತ್ತು ಹಲ್ಲಿನ ಕಂಪನದಿಂದ ಮಾತ್ರ. ಮಾನಿಟರ್ ಇಲ್ಲದ, ಅಥವಾ ಸೌಂಡ್ ಚೆಕ್ಕಿಗೆ ಸಮಯ ಕೊಡದ ವೇದಿಕೆಗಳಲ್ಲಿ ಟಾಕ್‌ಬಾಕ್ಸ್ ಹೊರತೆಗೆಯಬಾರದೆಂದು ತೀರ್ಮಾನಿಸಿದ್ದೇವೆ. ಅಲ್ಲಿ ಯಾರಾದರೂ ‘ಲಿವಿನ್ ಆನ್ ಎ ಪ್ರೇಯರ್’ ಕೇಳಿದರೆ ಅದನ್ನು ಅರೆಬರೆಯಾಗಿ ನುಡಿಸುವ ಬದಲು ಅದೇ ತಂಡದ ಬೇರೊಂದು ಹಾಡನ್ನು ಪೂರ್ತಿ ಮನಸ್ಸಿನಿಂದ ನುಡಿಸುತ್ತೇವೆ.