ಯಾವ ಹೆಸರು ಬರೆಯುತ್ತೀ?

ದಸರೆ ಮುಗಿದು ನಾಲ್ಕು ದಿನವಾಯಿತು. ನನ್ನ ಅತ್ತೆಯವರು ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ನಮ್ಮ ಧಾರವಾಡದ ಕಡೆ ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ಹಿರಿಯರಿಗೆ ನಮಸ್ಕರಿಸುತ್ತೇವೆ. ದೂರದವರಿಗೆ ಲಕೋಟೆಯಲ್ಲಿ ನಾಲ್ಕು ಎಲೆ ಇಟ್ಟು ಅಂಚೆಗೆ ಹಾಕುವುದು ನನ್ನ ತವರಿನ ರೂಢಿ. ಈ ಸಲ ಕಾರ್ಡನ್ನೂ ನಾವೇ ಮಾಡೋಣ ಎಂದು ಮಗಳು ಹಟ ಹಿಡಿದಳು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ, ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡು, ಸ್ಕೆಚ್ ಪೆನ್ನು ಇಷ್ಟೇ ಸಾಮಾನು. ಖಣಕ್ಕೆ ಪೂರ್ತಿ ಗೋಂದು ಬಳಿದರೆ ಮೇಲೆ ಕಲೆ ಮೂಡುತ್ತದೆ. ಅಂಚಿಗಷ್ಟೇ ಹಚ್ಚಿ ರಾತ್ರಿಯಿಡೀ ನಿಘಂಟಿನ ಕೆಳಗೆ ಒತ್ತಿಡಬೇಕು. ಬನ್ನಿಯದು ಇನ್ನೂ ಕಷ್ಟ. ಒಣಗಿತೆಂದರೆ ಎಲೆಯೆಲ್ಲ ಉದುರಿ ಕಡ್ಡಿ ಉಳಿಯುತ್ತದೆ. ಅದಕ್ಕಾಗಿ ಖಣದಲ್ಲೇ ಪುಟ್ಟ ಜೇಬು ಮಾಡಿ ಅದರೊಳಗೆ ಇಟ್ಟೆವು. ಪುಣೆಯ ಕಾಕಾನಿಗೊಂದು, ಬೆಳಗಾವಿಯ ಮಾವಶಿಗೊಂದು.

ಮೊದಲನೆಯದು ಮಾತ್ರ ಮನೆಯಲ್ಲೇ ಇರುವ ಅಜ್ಜಿಗೆ.

ಅತ್ತೆಯವರು ಕನ್ನಡಕ ಹಾಕಿಕೊಂಡು ಓದಿದರು: 'ಅಜ್ಜಿಗೆ. ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ.' ಖಣದ ಮೇಲೆ ಹೆಬ್ಬೆರಳಾಡಿಸಿದರು. ಆಮೇಲೆ, "ಇದರಲ್ಲಿ ನನ್ನ ಹೆಸರಿಲ್ಲವಲ್ಲ?" ಎಂದರು.

ಮಗಳು ತಕ್ಷಣ ಪೆನ್ನು ತೆಗೆದಳು. "ಈಗ ಬರೆಯುತ್ತೇನೆ. ಅಜ್ಜಿ, ನಿನ್ನ ಹೆಸರೇನು?"

"ಯಾವ ಹೆಸರು ಬರೆಯುತ್ತೀ? ಇಲ್ಲಿಯದೋ, ನನ್ನ ತವರಿನದೋ?"

ಚಹಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ದನಿಯಲ್ಲೇ ಕೇಳಿದರು. ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು. ರೇಷನ್ ಕಾರ್ಡಿನಲ್ಲಿರುವ ಹೆಸರು ನನಗೆ ಗೊತ್ತು. ಅದಕ್ಕೂ ಹಿಂದೆ ಇನ್ನೊಂದು ಇತ್ತೆಂದು ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತೂ ನಾನು ಕೇಳಿರಲಿಲ್ಲ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅವರು ಒಳ್ಳೆಯ ಮನುಷ್ಯ, ತಾಯಿಯ ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಹೆತ್ತವಳ ಹೆಸರು ಗೊತ್ತಿಲ್ಲದ ಮಗನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಫೋನಿನಲ್ಲಿ ನಾದಿನಿ, "ಆಗ ಎಲ್ಲರ ಮನೆಯಲ್ಲೂ ಹಾಗೇ ಇತ್ತಲ್ಲ ವೈನಿ" ಎಂದಳು. ಎಲ್ಲರ ಮನೆಯಲ್ಲೂ ಇತ್ತು ಎಂಬುದರಿಂದ ನನಗೇನೂ ಸಮಾಧಾನವಾಗಲಿಲ್ಲ. ಹದಿನೇಳು ವರ್ಷ ಒಂದು ಕೂಗಿಗೆ ತಿರುಗಿ ನೋಡಿದ ಹುಡುಗಿ, ಮರುದಿನದಿಂದ ಇನ್ನೊಂದು ಕೂಗಿಗೆ ಓಗೊಡಬೇಕು. ಮೊದಮೊದಲು ಎಷ್ಟು ಸಲ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನಿದ್ದು ಬೈಸಿಕೊಂಡಿರಬಹುದು?

ನನ್ನ ಮದುವೆಯಾದದ್ದು 2009ರಲ್ಲಿ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುವ ಪದ್ಧತಿ ಈ ಮನೆತನದಲ್ಲಿತ್ತು. ಹಿರಿಯರು ಹೆಸರನ್ನೂ ಹುಡುಕಿಟ್ಟಿದ್ದರು. ಆಗ ಅತ್ತೆಯವರು ಹಿಂದಿನಿಂದ, "ಇರುವ ಹೆಸರನ್ನೇ ಬರೆಯಲಿ, ಚೆನ್ನಾಗಿಯೇ ಇದೆ" ಎಂದಿದ್ದರು. ಮುಹೂರ್ತದ ಊಟಕ್ಕೆ ತಡವಾಗುತ್ತದೆಂದು ಹೇಳಿರಬೇಕು ಎಂದುಕೊಂಡಿದ್ದೆ. ಅಷ್ಟು ಜನ ಗಂಡಸರ ನಡುವೆ ಆ ಒಂದು ಮಾತು ಆಡಲು ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎಂಬುದು ಈ ವಾರ ತಿಳಿಯಿತು.

ಅವರು ಮೊಮ್ಮಗಳ ಕಿವಿಯಲ್ಲಿ ತವರಿನ ಹೆಸರು ಹೇಳಿದರು. ಅವರನ್ನು ಕೇಳದೆ ಅದನ್ನು ಇಲ್ಲಿ ಬರೆಯಲಾರೆ. ಮಗಳು 'ಅಜ್ಜಿಗೆ' ಎಂಬುದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಸಾಲು ಸೊಟ್ಟಗಾಗಿ, ಬರೆದು ಕೊಟ್ಟಳು. ಒಂದು ದೀರ್ಘ ಬಿಟ್ಟುಹೋಗಿತ್ತು. ಅತ್ತೆಯವರು ಏನೂ ಹೇಳಲಿಲ್ಲ.

ಮರುದಿನ ದೇವರ ಗೂಡಿನ ಪಕ್ಕದಲ್ಲಿ ಕಾರ್ಡು ನಿಂತಿತ್ತು. ಬಿಟ್ಟುಹೋಗಿದ್ದ ದೀರ್ಘವನ್ನು ನೀಲಿ ಬಾಲ್‌ಪೆನ್ನಿನಿಂದ, ನಡುಗುವ ಕೈಯಲ್ಲಿ, ಯಾರೋ ಸೇರಿಸಿದ್ದರು.