ಹ್ಯಾಮ್ಲೆಟ್ ಯಾಕೆ ತಡ ಮಾಡಿದ ಅಂತ ಕೇಳುವವರಿಗೆ

ನಾನು ಕಾಲೇಜಿನಲ್ಲಿ ಶೇಕ್ಸ್‌ಪಿಯರ್ ಪಾಠ ಮಾಡುತ್ತೇನೆ. ಅದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. “ಆ ಹ್ಯಾಮ್ಲೆಟ್ ಚಿಕ್ಕಪ್ಪನನ್ನು ಕೊಲ್ಲೋಕೆ ಯಾಕೆ ಅಷ್ಟು ಹೊತ್ತು ತಗೋತಾನೆ?” ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಉತ್ತರ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಒಮ್ಮೆ ನಾಟಕ ಮುಗಿದ ಮೇಲೆ ಕಾಫಿ ಕುಡಿಯುತ್ತಿದ್ದಾಗ ಒಬ್ಬರು ಬಂದು, “ಅಲ್ಲ ಸಾರ್, ನಮ್ಮ ಕಡೆಯವನಾಗಿದ್ರೆ ಮೊದಲನೇ ದಿನವೇ ಮುಗಿಸಿರ್ತಿದ್ದ. ನಿಮ್ಮ ಹ್ಯಾಮ್ಲೆಟ್ ಪುಕ್ಕಲ” ಅಂದರು. ನನಗೆ ರೇಗಿಹೋಯಿತು. ನಮ್ಮ ಕಡೆಯ ಭೀಮ ದುಶ್ಶಾಸನನ ರಕ್ತಕ್ಕೆ ಹದಿಮೂರು ವರ್ಷಕ್ಕಿಂತ ಜಾಸ್ತಿ ಕಾದ. ಅವನನ್ನು ಯಾರಾದರೂ ಪುಕ್ಕಲ ಅಂತಾರಾ? ಹ್ಯಾಮ್ಲೆಟ್‌ಗೆ ಮಾತ್ರ ಯಾಕೆ ಈ ಅವಸರ?

ಕತೆ ನೋಡಿ. ಡೆನ್ಮಾರ್ಕಿನ ಎಲ್ಸಿನೋರ್ ಕೋಟೆ. ರಾಜ ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿ ಸತ್ತ ಅಂತ ಊರಿಗೆಲ್ಲ ಸುದ್ದಿ. ಅವನ ತಮ್ಮ ಕ್ಲಾಡಿಯಸ್ ಪಟ್ಟಕ್ಕೆ ಬಂದ. ಒಂದು ತಿಂಗಳಾಗುವಷ್ಟರಲ್ಲಿ ಅತ್ತಿಗೆ ಗರ್ಟ್ರೂಡ್‌ಳನ್ನೂ ಮದುವೆಯಾದ. ಒಂದು ರಾತ್ರಿ ಸತ್ತ ರಾಜನ ಪ್ರೇತ ಬಂದು ಮಗ ಹ್ಯಾಮ್ಲೆಟ್‌ಗೆ ನಿಜ ಹೇಳುತ್ತದೆ. ಕಚ್ಚಿದ್ದು ಹಾವಲ್ಲ, ತಮ್ಮನೇ ಕಿವಿಗೆ ವಿಷ ಹೊಯ್ದ. ಸೇಡು ತೀರಿಸು.

ಈ ಮಾತು ಕೇಳಿದವನು ಹ್ಯಾಮ್ಲೆಟ್ ಒಬ್ಬನೇ. ಪ್ರೇತವನ್ನು ಕಾವಲಿನವರು ಕಂಡಿದ್ದಾರೆ, ಅದರ ಆರೋಪವನ್ನು ಕೇಳಿಲ್ಲ. ಅಪ್ಪನ ವೇಷದಲ್ಲಿ ಬಂದದ್ದು ಸೈತಾನನೇ ಇರಬಹುದು ಅಂತ ಅವನಿಗೆ ಅನುಮಾನ. ಆ ಕಾಲದ ಕ್ರೈಸ್ತನಿಗೆ ಅದು ಸುಮ್ನೆ ನೆಪವಲ್ಲ, ನಿಜವಾದ ಭಯ. ಅದಕ್ಕೇ ನಾಟಕದವರ ಕೈಲಿ ಅಂಥದ್ದೇ ಕೊಲೆಯನ್ನು ಆಡಿಸಿ ರಾಜನ ಮುಖ ನೋಡುತ್ತಾನೆ. ರಾಜ ಎದ್ದು ಹೋಗುತ್ತಾನೆ. ಈಗ ಖಾತ್ರಿಯಾಯಿತು. ಹ್ಯಾಮ್ಲೆಟ್ ಪ್ರೀತಿಸಿದ್ದ ಒಫೀಲಿಯಾ ಹೇಳುವ ಲೆಕ್ಕ ಹಿಡಿದರೆ ಪ್ರೇತ ಕಂಡ ರಾತ್ರಿಯಿಂದ ಇಲ್ಲಿಗೆ ಸುಮಾರು ಎರಡು ತಿಂಗಳು.

ಅದೇ ರಾತ್ರಿ ಕ್ಲಾಡಿಯಸ್ ಮಂಡಿಯೂರಿ ಪ್ರಾರ್ಥಿಸುತ್ತಿರುತ್ತಾನೆ. ಹ್ಯಾಮ್ಲೆಟ್ ಕತ್ತಿ ಹಿರಿದು ಬಿಟ್ಟುಬಿಡುತ್ತಾನೆ. ಪ್ರಾರ್ಥನೆಯಲ್ಲಿ ಸತ್ತರೆ ಇವನು ಸ್ವರ್ಗಕ್ಕೆ ಹೋಗುತ್ತಾನೆ, ಅಪ್ಪನಿಗೋ ಪಾಪ ತೊಳೆದುಕೊಳ್ಳಲೂ ಸಮಯ ಸಿಗಲಿಲ್ಲ. ಇದು ಪುಕ್ಕಲನ ಮಾತಲ್ಲ. ಕೊಂದರೆ ಸಾಲದು, ನರಕಕ್ಕೇ ಕಳಿಸಬೇಕು ಅನ್ನುವವನ ಮಾತು. ಮುಂದಿನ ದೃಶ್ಯದಲ್ಲೇ ತಾಯಿಯ ಕೋಣೆಯ ಪರದೆ ಹಿಂದೆ ಸದ್ದಾದಾಗ, ರಾಜನೇ ಇರಬೇಕು ಅಂತ ಕತ್ತಿಯಿಂದ ಚುಚ್ಚುತ್ತಾನೆ. ಸತ್ತವನು ಮಂತ್ರಿ ಪೊಲೋನಿಯಸ್. ತಡ ಮಾಡುವವನು ಹೀಗೆ ಮಾಡುತ್ತಾನಾ?

ಇಷ್ಟು ಹೇಳಿದರೂ ಜನ ತಲೆಯಾಡಿಸಿ, “ಆದರೂ ಸ್ವಲ್ಪ ಬೇಗ ಮಾಡಬಹುದಿತ್ತು” ಅಂತಾರೆ. ಆಗ ನನಗೆ ಅನ್ನಿಸುತ್ತದೆ, ಒಬ್ಬರಾದರೂ ಬೇರೆ ಪ್ರಶ್ನೆ ಕೇಳಬಾರದಾ? ಅಪ್ಪ ಸತ್ತು ಎರಡು ತಿಂಗಳೂ ಆಗದ ಹುಡುಗ ಕಪ್ಪು ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ನಿಂತರೆ ರಾಜನಿಗೆ ಯಾಕೆ ಅಷ್ಟು ಕಷ್ಟ?

ನಾಟಕದ ಶುರುವಿನಲ್ಲೇ, ತುಂಬಿದ ಸಭೆಯಲ್ಲಿ ಕ್ಲಾಡಿಯಸ್ ಅವನಿಗೆ ಬುದ್ಧಿ ಹೇಳುತ್ತಾನೆ. ನಿನ್ನ ಅಪ್ಪನಿಗೂ ಅಪ್ಪ ಸತ್ತಿದ್ದ, ಇಷ್ಟು ಅಳುವುದು ಗಂಡಸಿನ ಲಕ್ಷಣವಲ್ಲ. ವಿಟೆನ್‌ಬರ್ಗ್‌ಗೆ ಓದಲು ಹೋಗುವುದೂ ಬೇಡ, ನಮ್ಮ ಕಣ್ಣ ಮುಂದೆಯೇ ಇರು. ಆ ಅರಮನೆಯಲ್ಲಿ ಎಲ್ಲರೂ ಮುಂದೆ ಸಾಗಿಯಾಗಿದೆ, ಮದುವೆಯ ಕುಡಿತ ನಡೆದಿದೆ. ಆ ಕಪ್ಪು ಬಟ್ಟೆ ಒಂದೇ ‘ಇಲ್ಲೊಂದು ಸಾವಾಗಿದೆ’ ಅಂತ ಹೇಳುತ್ತಿರುವುದು. ಕೊಲೆಗಾರನಿಗೆ ಅದು ಚುಚ್ಚದೇ ಇರುತ್ತದಾ? ಹ್ಯಾಮ್ಲೆಟ್ ಕತ್ತಿಗೆ ಕೈ ಹಾಕುವ ಎಷ್ಟೋ ಮೊದಲೇ ಅವನ ದುಃಖ ರಾಜನಿಗೆ ಎದುರು ನಿಂತಿದೆ.

ಆಮೇಲೂ ಹಾಗೆಯೇ. ಪೊಲೋನಿಯಸ್‌ನ ಹೆಣವನ್ನು ಹ್ಯಾಮ್ಲೆಟ್ ಮೆಟ್ಟಿಲ ಹತ್ತಿರ ಬಚ್ಚಿಡುತ್ತಾನೆ. ಅದು ಕ್ರೂರ ಕೆಲಸವೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಸಿಕ್ಕ ಹೆಣವನ್ನು ರಾಜ ಗುಟ್ಟಾಗಿ ಹೂಳಿಸುತ್ತಾನೆ. ಪೊಲೋನಿಯಸ್‌ನ ಮಗ ಲೇರ್ಟಿಸ್ ಪ್ಯಾರಿಸ್‌ನಿಂದ ಓಡಿಬಂದು ಜನರನ್ನು ಕಟ್ಟಿಕೊಂಡು ಅರಮನೆಗೆ ನುಗ್ಗುತ್ತಾನೆ. ಅಪ್ಪನ ಗೋರಿಗೆ ಗೌರವ ಸಿಗಲಿಲ್ಲ ಅನ್ನುವುದೂ ಅವನ ದೊಡ್ಡ ದೂರು. ಅವನ ಸೋದರಿ ಒಫೀಲಿಯಾಗೆ ಹುಚ್ಚು ಹಿಡಿದು ನೀರುಪಾಲಾದಾಗ, ಆತ್ಮಹತ್ಯೆಯ ಅನುಮಾನದ ಮೇಲೆ ಪಾದ್ರಿ ಅವಳ ಅಂತ್ಯಕ್ರಿಯೆಯನ್ನೂ ಮೊಟಕು ಮಾಡುತ್ತಾನೆ. ಇನ್ನೂ ಏನಾದರೂ ಮಾಡುವುದಿಲ್ಲವಾ ಅಂತ ಲೇರ್ಟಿಸ್ ಕೇಳುತ್ತಲೇ ಇರುತ್ತಾನೆ. ಅವಸರದ ಸೇಡು ಬೇಕು ಅನ್ನುವವರು ಇವನನ್ನೇ ನೋಡಬೇಕು. ಇವನ ಸಿಟ್ಟನ್ನು ಕ್ಲಾಡಿಯಸ್ ಎಷ್ಟು ಸಲೀಸಾಗಿ ಹ್ಯಾಮ್ಲೆಟ್ ಕಡೆ ತಿರುಗಿಸಿ, ಕೈಗೆ ಮೊನೆ ಮೊಂಡು ಮಾಡದ ಕತ್ತಿ ಕೊಡಿಸುತ್ತಾನೆ! ಅದಕ್ಕೆ ತಾನೇ ಹಚ್ಚಿದ ವಿಷಕ್ಕೆ ಹ್ಯಾಮ್ಲೆಟ್ ಜೊತೆ ಲೇರ್ಟಿಸ್‌ನೂ ಸಾಯುತ್ತಾನೆ.

ಇಡೀ ನಾಟಕದಲ್ಲಿ ನಮ್ಮ ಕಣ್ಣೆದುರು ಪೂರ್ತಿ ಮರ್ಯಾದೆ ಸಿಗುವುದು ಹ್ಯಾಮ್ಲೆಟ್‌ನ ಹೆಣಕ್ಕೆ ಮಾತ್ರ. ಸೈನಿಕನಿಗೆ ಸಲ್ಲುವ ಗೌರವದಿಂದ ಎತ್ತಿಕೊಂಡು ಹೋಗಿ ಅಂತ ಆಜ್ಞೆ ಕೊಡುವವನು ನಾರ್ವೆಯ ರಾಜಕುಮಾರ ಫೋರ್ಟಿನ್‌ಬ್ರಾಸ್. ಅವನ ಅಪ್ಪನನ್ನು ಕೊಂದವನು ಹ್ಯಾಮ್ಲೆಟ್‌ನ ಅಪ್ಪ. ಆ ಆಜ್ಞೆ ಕೊಡುವ ಮೊದಲೇ ಅವನು ಈ ರಾಜ್ಯದ ಮೇಲೆ ತನಗೂ ಹಳೆಯ ಹಕ್ಕಿದೆ ಅಂತ ಹೇಳಿಕೊಂಡಾಗಿರುತ್ತದೆ.